ಬಣ್ಣ ನೋಡಿ ಮೀನು ಕೊಳ್ಳಬೇಡಿ



ನೈರೋಬಿ ಸಿಬಿಡಿಯಲ್ಲಿ ಮೀನು ಅಂದರೆ ಮೊದಲು ನೆನಪಾಗುವುದು ಸಿಟಿ ಮಾರ್ಕೆಟ್. ಆದರೆ ನಾನಿವತ್ತು ಮಾತಾಡಲು ಹೊರಟಿರುವುದು ತಟ್ಟೆಗೆ ಬರುವ ಮೀನಿನ ಬಗ್ಗೆ ಅಲ್ಲ, ಗಾಜಿನ ತೊಟ್ಟಿಯಲ್ಲಿ ಸಾಕುವ ಮೀನಿನ ಬಗ್ಗೆ. ನಮ್ಮ ಭಾನುವಾರದ ಕನ್ನಡ ಪಾಠಕ್ಕೆ ಬರುವ ಹುಡುಗನೊಬ್ಬ ಮೊನ್ನೆ ಫೋನು ತೆಗೆದು ನಾಲ್ಕು ಚಿತ್ರ ತೋರಿಸಿದ. ಸಿಬಿಡಿಯ ಅವರ ಫ್ಲ್ಯಾಟಿನಲ್ಲಿ ನಾಯಿ ಸಾಕುವಂತಿಲ್ಲ. ಅದಕ್ಕೇ 150 ಲೀಟರಿನ ತೊಟ್ಟಿ ಇಟ್ಟು, ಹವಳ ಬೆಳೆಸಿ, ಈ ನಾಲ್ಕು ಮೀನು ಬಿಡುತ್ತಾನಂತೆ. ನೀಲಿಯ ಬ್ಲೂ ಟ್ಯಾಂಗ್, ಪಟ್ಟೆಪಟ್ಟೆಯ ಲಯನ್‌ಫಿಶ್, ಹಳದಿ ಬಟರ್‌ಫ್ಲೈ ಮೀನು, ರಂಗೋಲಿ ಬಿಡಿಸಿದಂತಿರುವ ಮ್ಯಾಂಡರಿನ್. ನಾಲ್ಕೂ ಕಣ್ಣು ಕುಕ್ಕುವಷ್ಟು ಚೆಂದ. ನಾಲ್ಕರಲ್ಲಿ ಒಂದೂ ಅವನ ತೊಟ್ಟಿಗೆ ಹೊಂದುವುದಿಲ್ಲ.

ಯಾಕೆ ಅಂತ ಒಂದೊಂದಾಗಿ ನೋಡೋಣ. 'ಫೈಂಡಿಂಗ್ ನೀಮೋ' ಸಿನಿಮಾದ ಡೋರಿ ಇದೆಯಲ್ಲ, ಅದೇ ಬ್ಲೂ ಟ್ಯಾಂಗ್. ಅಂಗಡಿಯಲ್ಲಿ ಬೆರಳುದ್ದ ಇರುವ ಅದು ಬೆಳೆದರೆ 30 ಸೆಂಟಿಮೀಟರ್ ಮುಟ್ಟುತ್ತದೆ, ದಿನವಿಡೀ ಉದ್ದಕ್ಕೂ ಈಜುತ್ತದೆ. 150 ಲೀಟರಿನಲ್ಲಿ ಅದು ಲಿಫ್ಟಿನೊಳಗೆ ಸಂಸಾರ ಹೂಡಿದ ಹಾಗೆ. ಲಯನ್‌ಫಿಶ್‌ಗೆ ವಿಷದ ಮುಳ್ಳುಗಳಿವೆ, ಅಲ್ಲದೆ ಬಾಯಿಗೆ ಹಿಡಿಸುವ ಯಾವ ಮೀನನ್ನೂ ಅದು ಬಿಡುವುದಿಲ್ಲ. ಬಟರ್‌ಫ್ಲೈ ಜಾತಿಯ ಎಷ್ಟೋ ಮೀನುಗಳಿಗೆ ಹವಳವೇ ಊಟ, ನೀವು ಪ್ರೀತಿಯಿಂದ ಬೆಳೆಸಿದ್ದನ್ನು ಅವು ಕುಕ್ಕಿ ಮುಗಿಸುತ್ತವೆ. ಮ್ಯಾಂಡರಿನ್ ಬಲು ಸಾಧು. ಆದರೆ ಕಲ್ಲಿನ ಮೇಲೆ ಹರಿದಾಡುವ ಸಣ್ಣ ಜೀವಿಗಳನ್ನು ದಿನವೆಲ್ಲ ಹೆಕ್ಕಿ ತಿನ್ನುವುದು ಅದರ ಅಭ್ಯಾಸ. ಹೊಸ ತೊಟ್ಟಿಯಲ್ಲಿ ಅವು ಬೇಗ ಖಾಲಿಯಾಗಿ, ಮೀನು ಮೆಲ್ಲಗೆ ಹಸಿವಿನಿಂದ ಸಾಯುತ್ತದೆ.

ಬೆಳ್ಳಗಿರುವುದೆಲ್ಲ ಹಾಲಲ್ಲ ಅನ್ನುತ್ತಾರಲ್ಲ, ಈ ಪಾಠ ನನಗೂ ಪುಕ್ಕಟೆಯಾಗಿ ಬರಲಿಲ್ಲ. ನನ್ನ ಮೊದಲ ತೊಟ್ಟಿಗೆ ಬಣ್ಣಕ್ಕೆ ಮರುಳಾಗಿ ಮೂರು ನೀಲಿ ಡ್ಯಾಮ್ಸೆಲ್ ತಂದಿದ್ದೆ. ತಿಂಗಳೊಳಗೆ ಅವುಗಳಲ್ಲಿ ಒಂದು ಇಡೀ ತೊಟ್ಟಿ ತನ್ನದೆಂದು ತೀರ್ಮಾನಿಸಿ ಉಳಿದೆರಡನ್ನು ಕಚ್ಚಿ ಕಚ್ಚಿ ಕೊಂದಿತು. ಆಮೇಲೆ ಬಿಟ್ಟ ಫೈರ್‌ಫಿಶ್ ಅದರ ಕಾಟಕ್ಕೆ ಒಂದು ರಾತ್ರಿ ಹೊರಗೆ ಹಾರಿತ್ತು. ಬೆಳಗ್ಗೆ ಎದ್ದು ನೋಡಿದರೆ ನೆಲದ ಮೇಲೆ ಒಣಗಿ ಬಿದ್ದಿದೆ. ತಪ್ಪು ಡ್ಯಾಮ್ಸೆಲ್‌ನದಲ್ಲ. ಬಂಡೆಯ ಸಂದಿಯೊಂದನ್ನು ಕಾಯ್ದುಕೊಳ್ಳುವುದು ಅದರ ಹುಟ್ಟುಗುಣ. ಸಮುದ್ರದಲ್ಲಾದರೆ ಸೋತ ಮೀನು ಓಡಿ ಹೋಗಬಹುದು, ತೊಟ್ಟಿಯಲ್ಲಿ ಓಡಲು ಜಾಗವೆಲ್ಲಿ?

ಹಾಗಾಗಿ ಮೀನು ಕೊಳ್ಳುವ ಮೊದಲು ನಾಲ್ಕು ಪ್ರಶ್ನೆ ಕೇಳಿಕೊಳ್ಳಿ. ಬೆಳೆದಾಗ ಎಷ್ಟುದ್ದವಾಗುತ್ತದೆ? ಏನು ತಿನ್ನುತ್ತದೆ? ಯಾರ ಜೊತೆ ಬಾಳುತ್ತದೆ? ಎಲ್ಲಿಂದ ಬಂತು? ಬಣ್ಣದ ಪ್ರಶ್ನೆ ಐದನೆಯದು.

ಈ ನಾಲ್ಕೂ ಪ್ರಶ್ನೆಗೆ ಒಳ್ಳೆಯ ಉತ್ತರ ಕೊಡುವ, ಚೆಂದವೂ ಇರುವ ಮೀನುಗಳಿವೆ. ಮೊದಲನೆಯದು ಕಿತ್ತಳೆ ಬಣ್ಣಕ್ಕೆ ಬಿಳಿ ಪಟ್ಟೆಯ ಕ್ಲೌನ್‌ಫಿಶ್, ಅಂದರೆ ನಿಮ್ಮ ನೀಮೋ. ತೊಟ್ಟಿಯಲ್ಲೇ ಮರಿ ಮಾಡಿಸಿದವು ಸಿಗುತ್ತವೆ, ಸಿದ್ಧ ಆಹಾರವನ್ನೂ ತಿನ್ನುತ್ತವೆ. ಇವು ಹುಟ್ಟುವಾಗ ಎಲ್ಲವೂ ಗಂಡು. ಜೋಡಿಯಲ್ಲಿ ದೊಡ್ಡದು, ಜೋರಿನದು ಹೆಣ್ಣಾಗಿ ಬದಲಾಗುತ್ತದೆ. ಆದ್ದರಿಂದ ಎರಡು ಮರಿಗಳನ್ನು ಒಟ್ಟಿಗೆ ತಂದರೆ ಸಾಕು, ಸಂಸಾರ ತಾನೇ ಕೂಡುತ್ತದೆ.

ಎರಡನೆಯದು ಫೈರ್‌ಫಿಶ್. ಮುಂದೆ ಬಿಳಿ, ಹಿಂದೆ ಬೆಂಕಿಯ ಕೆಂಪು. ಸಂಕೋಚದ ಜೀವ. ಬೆದರಿದರೆ ಹಾರುತ್ತದೆ, ಆದ್ದರಿಂದ ತೊಟ್ಟಿಗೆ ಬಲೆಯ ಮುಚ್ಚಳ ಬೇಕೇ ಬೇಕು.

ಮೂರನೆಯದು ಹಳದಿ ವಾಚ್‌ಮನ್ ಗೋಬಿ. ಮಂಚೂರಿ ಮಾಡುವ ಗೋಬಿ ಅಲ್ಲ! ಇದು ಪಿಸ್ತೂಲ್ ಸೀಗಡಿಯ ಜೊತೆ ಒಂದೇ ಬಿಲದಲ್ಲಿ ಬಾಳುತ್ತದೆ. ಸೀಗಡಿಗೆ ಕಣ್ಣು ಮಂದ, ಮರಳು ತೋಡುವ ಕೆಲಸ ಅದರದು. ಗೋಬಿ ಬಾಗಿಲಲ್ಲಿ ಕಾವಲು. ಸೀಗಡಿ ತನ್ನ ಮೀಸೆಯನ್ನು ಗೋಬಿಯ ಮೈಗೆ ತಾಗಿಸಿಕೊಂಡೇ ಹೊರಬರುತ್ತದೆ. ಅಪಾಯ ಕಂಡರೆ ಗೋಬಿ ಬಾಲ ಅಲುಗಿಸುತ್ತದೆ, ಇಬ್ಬರೂ ಒಳಗೆ.

ನಾಲ್ಕನೆಯದು ಬಂಗಾಯ್ ಕಾರ್ಡಿನಲ್. ಬೆಳ್ಳಿಯ ಮೈ, ಕಪ್ಪು ಪಟ್ಟೆ, ಬಿಳಿ ಚುಕ್ಕೆ. ಮೊಟ್ಟೆಗಳನ್ನು ಅಪ್ಪನೇ ಬಾಯಲ್ಲಿಟ್ಟುಕೊಂಡು ಕಾಪಾಡುತ್ತದೆ. ಇಂಡೋನೇಷ್ಯಾದ ಬಂಗಾಯ್ ದ್ವೀಪಗಳ ಸುತ್ತ ಮೂಲನೆಲೆಯಿರುವ ಈ ಮೀನು ನಮ್ಮಂಥವರ ಆಸೆಗೆ ಹಿಡಿದು ಹಿಡಿದೇ ಸಮುದ್ರದಲ್ಲಿ ತುಂಬ ಕಡಿಮೆಯಾಗಿದೆ. ಸಾಕಣೆಯಲ್ಲಿ ಹುಟ್ಟಿದ್ದು ಸಿಕ್ಕರೆ ಮಾತ್ರ ತನ್ನಿ.

150 ಲೀಟರಿಗೆ ಎರಡು ಕ್ಲೌನ್, ಒಂದು ಫೈರ್‌ಫಿಶ್, ಒಂದು ಗೋಬಿ, ಒಂದು ಕಾರ್ಡಿನಲ್, ಒಟ್ಟು ಐದು ಮೀನು ಸಾಕು. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕು. ಬಿಡುವ ಕ್ರಮವೂ ಮುಖ್ಯ. ಸಂಕೋಚದ ಫೈರ್‌ಫಿಶ್ ಮತ್ತು ಗೋಬಿ ಮೊದಲು ಬಂದು ತಮ್ಮ ಸಂದಿ ಹುಡುಕಿಕೊಳ್ಳಲಿ. ಕೆಲವು ವಾರ ಬಿಟ್ಟು ಕಾರ್ಡಿನಲ್. ಮನೆಯನ್ನು ತನ್ನದಾಗಿಸಿಕೊಳ್ಳುವ ಕ್ಲೌನ್ ಕೊನೆಗೆ. ಇದೇ ಐದು ಮೀನನ್ನು ತಿರುಗುಮುರುಗಾಗಿ ಬಿಟ್ಟರೆ ಜಗಳ ಶುರುವಾಗಬಹುದು.

ಇನ್ನು ನೈರೋಬಿಯದೇ ಆದ ಕೆಲವು ಮಾತು. ನಾವಿರುವುದು ಸಮುದ್ರಮಟ್ಟದಿಂದ ಸುಮಾರು 1,700 ಮೀಟರ್ ಎತ್ತರದಲ್ಲಿ. ಇಲ್ಲಿ ಗಾಳಿಯ ಒತ್ತಡ ಕಡಿಮೆ, ಹಾಗಾಗಿ ನೀರಿನಲ್ಲಿ ಕರಗುವ ಆಮ್ಲಜನಕವೂ ಮೊಂಬಾಸಾಕ್ಕಿಂತ ಸುಮಾರು ಐದನೆಯ ಒಂದು ಪಾಲು ಕಡಿಮೆ. ಅಲ್ಲಿನ ಲೆಕ್ಕದಲ್ಲಿ ಇಲ್ಲಿ ಮೀನು ತುಂಬಬಾರದು, ನೀರಿನ ಮೇಲ್ಮೈಯನ್ನು ಪಂಪು ಸದಾ ಕಲಕುತ್ತಿರಬೇಕು. ಕರೆಂಟು ಹೋದಾಗಲೂ ಗಾಳಿ ನಿಲ್ಲದಂತೆ ಬ್ಯಾಟರಿಯ ಏರ್ ಪಂಪು ಇರಲಿ. ಜುಲೈ ರಾತ್ರಿಗಳ ಚಳಿ ನಿಮಗೇ ಗೊತ್ತು. ನೀರು 25ರಿಂದ 26 ಡಿಗ್ರಿ ಇರಲು ಹೀಟರ್ ಬೇಕು. ನಲ್ಲಿ ಅಥವಾ ಬೋರ್‌ವೆಲ್ ನೀರನ್ನು ಹಾಗೇ ಬಳಸದೆ ಆರ್‌ಓ ನೀರಿಗೆ ಸಮುದ್ರದ ಉಪ್ಪು ಬೆರೆಸಿ. ತೊಟ್ಟಿ, ಕಲ್ಲು, ನೀರು ಸೇರಿದರೆ 200 ಕಿಲೋ ದಾಟುತ್ತದೆ ಅನ್ನುವುದನ್ನು ಫ್ಲ್ಯಾಟಿನವರು ಮರೆಯಬಾರದು.

ನೀರು ತುಂಬಿಸಿದ ದಿನವೇ ಮೀನು ಬಿಡುವಂತಿಲ್ಲ. ಮೀನಿನ ಹೊಲಸಿನಿಂದ ಬರುವ ಅಮೋನಿಯಾ ವಿಷ. ಅದನ್ನು ನೈಟ್ರೈಟ್ ಆಗಿ, ನೈಟ್ರೈಟನ್ನು ಅಷ್ಟೇನೂ ಕೇಡಿಲ್ಲದ ನೈಟ್ರೇಟ್ ಆಗಿ ಬದಲಿಸುವ ಬ್ಯಾಕ್ಟೀರಿಯಾ ಕಲ್ಲು ಮರಳಿನಲ್ಲಿ ನೆಲೆಯೂರಲು ಸಾಮಾನ್ಯವಾಗಿ ನಾಲ್ಕರಿಂದ ಆರು ವಾರ ಬೇಕು. ಪರೀಕ್ಷೆಯಲ್ಲಿ ಅಮೋನಿಯಾ, ನೈಟ್ರೈಟ್ ಎರಡೂ ಸೊನ್ನೆ ತೋರಿಸಿದ ಮೇಲೆ ಮೊದಲ ಮೀನು. ತಾಳಿದವನು ಬಾಳಿಯಾನು ಅನ್ನುವ ಗಾದೆ ಇಲ್ಲಿ ಮೀನಿಗೂ ಅನ್ವಯಿಸುತ್ತದೆ.

ನಾಲ್ಕನೆಯ ಪ್ರಶ್ನೆ, 'ಎಲ್ಲಿಂದ ಬಂತು', ನಮಗೆ ತೀರ ಹತ್ತಿರದ್ದು. ಅಲಂಕಾರದ ಮೀನುಗಳನ್ನು ಕೀನ್ಯಾದ ಕರಾವಳಿಯಲ್ಲೂ ಹಿಡಿಯುತ್ತಾರೆ, ಅದರಿಂದ ಬದುಕುವ ಮೀನುಗಾರರಿದ್ದಾರೆ. ಅದೇ ಕರಾವಳಿಯ ಹವಳ ದಿಬ್ಬಗಳು 1998ರಲ್ಲಿ ಸಮುದ್ರ ಬಿಸಿಯಾಗಿ ಬಿಳಿಚಿ ಬಹಳಷ್ಟು ಸತ್ತವು. 1968ರಿಂದ ರಕ್ಷಿತವಾಗಿರುವ ಮಾಲಿಂದಿ, ವಾಟಾಮು ಸಾಗರ ಉದ್ಯಾನಗಳಲ್ಲಿ ಏನನ್ನೂ ಹಿಡಿಯುವಂತಿಲ್ಲ. ಊರಿಗೆ ಹೋದಾಗ ಮುರುಡೇಶ್ವರದಿಂದ ದೋಣಿಯಲ್ಲಿ ನೇತ್ರಾಣಿ ದ್ವೀಪಕ್ಕೆ ಹೋದರೆ ಅಲ್ಲೂ ಹವಳ ಕಾಣುತ್ತೀರಿ. ಭಾರತದಲ್ಲಿ ಅದಕ್ಕೆ ವನ್ಯಜೀವಿ ಕಾಯ್ದೆಯ ರಕ್ಷಣೆಯಿದೆ, ಒಂದು ತುಂಡನ್ನೂ ಚೀಲಕ್ಕೆ ಹಾಕಬೇಡಿ. ಸಾಕಣೆಯ ಮೀನು ಕೊಂಡರೆ ದಿಬ್ಬದಿಂದ ಒಂದು ಮೀನು ಕಡಿಮೆಯಾಗುವುದಿಲ್ಲ. ಹಿಡಿದದ್ದನ್ನೇ ಕೊಳ್ಳುವುದಾದರೆ ಪರವಾನಗಿ ಇರುವವರಿಂದ ಕೊಳ್ಳಿ, ಅದು ಬದುಕುವ ಹಾಗೆ ನೋಡಿಕೊಳ್ಳಿ. ಸಾಕಲಾಗದಿದ್ದರೆ ಸಾಕುವವರಿಗೆ ಕೊಡಿ, ಸಮುದ್ರಕ್ಕೆ ಬಿಡಬೇಡಿ. ಅಮೆರಿಕದ ಫ್ಲಾರಿಡಾ ಕಡೆ ಯಾರೋ ಹಾಗೆ ಬಿಟ್ಟ ಲಯನ್‌ಫಿಶ್‌ಗಳಿಂದಲೇ ಅಲ್ಲಿನ ದಿಬ್ಬಗಳಿಗೆ ದೊಡ್ಡ ಪಿಡುಗು ಹಬ್ಬಿತೆಂದು ತಜ್ಞರು ನಂಬುತ್ತಾರೆ.

ಅಂಗಡಿಗೆ ಹೋದಾಗ ಅವಸರ ಮಾಡಬೇಡಿ. "ಇದಕ್ಕೆ ಈಗ ಸ್ವಲ್ಪ ಊಟ ಹಾಕಿ ತೋರಿಸಿ" ಅನ್ನಿ. ಓಡಿ ಬಂದು ತಿಂದರೆ, ಉಸಿರು ನಿಧಾನವಾಗಿದ್ದರೆ, ಮೈಮೇಲೆ ಬಿಳಿ ಚುಕ್ಕೆಯಿಲ್ಲದಿದ್ದರೆ ತನ್ನಿ. ಮೂಲೆಯಲ್ಲಿ ಮುದುಡಿದ್ದರೆ ಎಷ್ಟೇ ಚೆಂದವಿರಲಿ, ಬಿಟ್ಟು ಬನ್ನಿ.

ಆ ಹುಡುಗ ಈಗ ಫೋನಿನ ನಾಲ್ಕು ಚಿತ್ರ ಅಳಿಸಿದ್ದಾನೆ. ತೊಟ್ಟಿಯಲ್ಲಿ ಸದ್ಯಕ್ಕೆ ಕಲ್ಲು, ಮರಳು, ಉಪ್ಪುನೀರು ಅಷ್ಟೇ. ಮೂರನೆಯ ವಾರ ನಡೆಯುತ್ತಿದೆ. ಪ್ರತಿ ಭಾನುವಾರ ಅಮೋನಿಯಾದ ಅಂಕಿ ಬರೆದುಕೊಂಡು ಬಂದು ತೋರಿಸುತ್ತಾನೆ, ಕನ್ನಡ ಅಂಕಿಗಳಲ್ಲಿ.