ಛಜ್ಜಾದಡಿಯ ಕಣಜದ ಗೂಡು: ಬೆಂಕಿ ಹಚ್ಚುವ ಮುನ್ನ

ಮುಂಬಯಿಯ ಹೌಸಿಂಗ್ ಸೊಸೈಟಿಗಳ ಕಾರ್ಯದರ್ಶಿಗಳಿಗೆ ಬರುವ ದೂರುಗಳಲ್ಲಿ ಸೋರುವ ಗೋಡೆ, ಪಾರ್ಕಿಂಗ್ ಜಗಳಗಳ ನಡುವೆ ಆಗಾಗ ಇನ್ನೊಂದು ಸೇರಿಕೊಳ್ಳುತ್ತದೆ: ಕಿಟಕಿಯ ಛಜ್ಜಾದಡಿ ತೂಗುವ ಕಣಜದ ಗೂಡು. ಮರಾಠಿಯವರು ಇದನ್ನು ಗಾಂಧೀಲಮಾಶಿ ಎನ್ನುತ್ತಾರೆ, ಹಿಂದಿಯವರು ತತೈಯಾ ಅಥವಾ ಬರ್ರ್. ಕನ್ನಡದಲ್ಲಿ ಕಣಜದ ಹುಳ, ಕಡಜ. ಹೆಸರಿನ ಗೊಂದಲ ಸಣ್ಣ ವಿಷಯವಲ್ಲ. ಪೆಸ್ಟ್ ಕಂಟ್ರೋಲ್‌ನವರಿಗೆ ಫೋನ್ ಮಾಡಿ 'ಮಧಮಾಶಿ' ಎಂದರೆ ಅವರು ಜೇನಿನ ಕೆಲಸಕ್ಕೆ ಸಿದ್ಧರಾಗಿ ಬರುತ್ತಾರೆ. ಜೇನು ಬೇರೆ, ಕಣಜ ಬೇರೆ, ಎರಡಕ್ಕೂ ಮಾಡಬೇಕಾದ ಕೆಲಸವೂ ಬೇರೆ.

ಗುರುತಿಸುವುದು ಕಷ್ಟವಲ್ಲ. ಎತ್ತರದ ಕಟ್ಟಡದ ಹೊರಗೆ ಕಪ್ಪು ಪರದೆಯಂತೆ ಇಳಿಬಿದ್ದು ಅಲೆಅಲೆಯಾಗಿ ಮಿಸುಕುವುದು ಹೆಜ್ಜೇನು. ಅದಕ್ಕೆ ಯಾರೂ ಕೈ ಹಾಕಬಾರದು, ಜೇನು ಸಾಕುವ ತರಬೇತಿ ಪಡೆದವರನ್ನೇ ಕರೆಸಬೇಕು. ಕಣಜದ ಗೂಡು ಮೇಣದ್ದಲ್ಲ, ಕಾಗದದ್ದು. ಹಳೆಯ ಮರ, ಬಾಗಿಲಿನ ಚೌಕಟ್ಟು, ಒಣ ಕಡ್ಡಿಗಳ ನಾರನ್ನು ಕೆರೆದು ಎಂಜಲಿನಲ್ಲಿ ಅಗಿದು ಹುಳ ಅದನ್ನು ಕಟ್ಟುತ್ತದೆ. ತಲೆಕೆಳಗಾದ ಕೊಡೆಯಂತೆ ಒಂದು ಸಣ್ಣ ತೊಟ್ಟಿನಿಂದ ತೂಗುವ, ಕೋಣೆಗಳು ಕೆಳಗಿನಿಂದ ಕಾಣುವ ಗೂಡಾದರೆ ಅದು ಸಾಮಾನ್ಯ ಕಾಗದದ ಕಣಜ. ಚೆಂಡಿನಂತೆ ಸುತ್ತಲೂ ಹೊದಿಕೆಯಿದ್ದು ಒಂದೇ ಬಾಯಿಯಿದ್ದರೆ, ಹುಳ ದೊಡ್ಡದಾಗಿ ಕಪ್ಪಗಿದ್ದು ಹೊಟ್ಟೆಯ ಮೇಲೆ ಕಿತ್ತಳೆ-ಹಳದಿ ಪಟ್ಟಿಯಿದ್ದರೆ ಅದು ಹೆಗ್ಗಣಜ. ಇದರ ತಂಟೆಗೆ ಮನೆಯವರು ಹೋಗದಿರುವುದೇ ಕ್ಷೇಮ.

ಮೂರನೆಯದು ಪಾಪದ ಹುಳ. ಸ್ವಿಚ್ ಬೋರ್ಡು, ಪುಸ್ತಕದ ಕಪಾಟು, ಬೀಗದ ತೂತುಗಳಲ್ಲಿ ಮಣ್ಣಿನ ಗೂಡು ಮೆತ್ತುವ ಕುಂಬಾರ ಹುಳ. ಇದು ಒಂಟಿಜೀವಿ. ಕಾಯಲು ಸೈನ್ಯವಿಲ್ಲದ್ದರಿಂದ ಮೈಮೇಲೆ ಏರಿ ಬರುವುದಿಲ್ಲ, ಕೈಯಲ್ಲಿ ಹಿಡಿದರೆ ಮಾತ್ರ ಕುಟುಕೀತು. ಜೇಡವನ್ನೋ ಕಂಬಳಿಹುಳವನ್ನೋ ಕುಟುಕಿ ಮರಗಟ್ಟಿಸಿ ತಂದು ಗೂಡಿನೊಳಗೆ ತುಂಬಿ, ಮೊಟ್ಟೆಯಿಟ್ಟು ಬಾಯಿ ಮುಚ್ಚುತ್ತದೆ. ಮರಿ ಅದನ್ನು ತಿಂದು ಬೆಳೆದು ಹೊರಗೆ ಹಾರುತ್ತದೆ. ಒಳಗೆ ಹೋದದ್ದು ಕಂಬಳಿಹುಳ, ಹೊರಗೆ ಬಂದದ್ದು ರೆಕ್ಕೆಯ ಹುಳ! ವೇದಾಂತಿಗಳು ಉದಾಹರಿಸುವ ಕೀಟಭ್ರಮರ ನ್ಯಾಯದ ಹಿಂದಿರುವುದು ಈ ನೋಟವೇ. ಹುಳ ಹಾರಿಹೋದ ಮೇಲೆ ಚಾಕುವಿನಿಂದ ಕೆರೆದರೆ ಮಣ್ಣು ಉದುರುತ್ತದೆ. ಸ್ವಿಚ್ ಬೋರ್ಡಿನದ್ದಾದರೆ ಮೊದಲು ಮೇನ್ ಆಫ್ ಮಾಡಬೇಕು.

ಇಂಟರ್‌ನೆಟ್ಟಿನಲ್ಲಿ ಸಿಗುವ ಸಲಹೆಗಳು ಬಹಳಷ್ಟು ಅಮೆರಿಕ, ಯುರೋಪಿನ 'ಯೆಲ್ಲೋ ಜಾಕೆಟ್' ಎಂಬ ಹುಳವನ್ನು ಕುರಿತವು. ನೆಲದ ಬಿಲಗಳಲ್ಲಿ ಹೆಚ್ಚಾಗಿ ಗೂಡು ಕಟ್ಟುವ ಆ ಜಾತಿಯವು ಭಾರತದಲ್ಲಿ ಕಾಶ್ಮೀರ, ಹಿಮಾಚಲದಂಥ ಹಿಮಾಲಯದ ತಪ್ಪಲಿನವು, ಮುಂಬಯಿಯವಲ್ಲ. ಚಳಿಗಾಲದವರೆಗೆ ಕಾಯಿರಿ, ಹಿಮಕ್ಕೆ ಗೂಡು ತಾನಾಗಿ ಸಾಯುತ್ತದೆ ಎಂಬ ಅಲ್ಲಿಯ ಮಾತು ಇಲ್ಲಿ ನಡೆಯದು. ದಕ್ಷಿಣ ಭಾರತದಲ್ಲಿ ಎಲ್ಲೆಡೆ ಕಾಣುವ ಕಂದು ಬಣ್ಣದ ರೊಪಲಿಡಿಯಾ ಮಾರ್ಜಿನೇಟಾ ಕಣಜ ವರ್ಷದ ಯಾವ ತಿಂಗಳಲ್ಲಾದರೂ ಹೊಸ ಗೂಡು ಹೂಡುತ್ತದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರೊ. ರಾಘವೇಂದ್ರ ಗದಗಕರ್ ಅವರು ದಶಕಗಳ ಕಾಲ ಈ ಒಂದೇ ಹುಳದ ಸಂಸಾರವನ್ನು ಅಭ್ಯಸಿಸಿ, 2001ರಲ್ಲಿ ಅದರ ಬಗ್ಗೆಯೇ ಒಂದು ಗ್ರಂಥ ಪ್ರಕಟಿಸಿದ್ದಾರೆ. ಈ ಗೂಡಿನ ರಾಣಿ ಜಗಳಗಂಟಿಯಲ್ಲ, ಸಾಧು ಸ್ವಭಾವದವಳು ಎಂಬುದು ಅವರ ತಂಡ ಕಂಡುಕೊಂಡ ಸಂಗತಿಗಳಲ್ಲಿ ಒಂದು.

ಗೂಡು ಒಂದೇ ದಿನದಲ್ಲಿ ದೊಡ್ಡದಾಗುವುದಿಲ್ಲ. ಮೊದಲಿಗೆ ಒಂದೋ ಎರಡೋ ಹೆಣ್ಣು ಹುಳಗಳು ನಾಣ್ಯದಷ್ಟು ಗೂಡು ಹೂಡುತ್ತವೆ. ಈ ಹಂತದಲ್ಲಿ ಉದ್ದನೆಯ ಕೋಲಿನಿಂದ ಒಮ್ಮೆ ತಟ್ಟಿ ಬೀಳಿಸಿ ದೂರ ಸರಿದರೆ ಕೆಲಸ ಮುಗಿಯಿತು. ಪುನಃ ಅಲ್ಲೇ ಕಟ್ಟಿದರೆ ಪುನಃ ಬೀಳಿಸಬೇಕು. ಆದ್ದರಿಂದ ವಾರಕ್ಕೊಮ್ಮೆ ಎ.ಸಿ.ಯ ಹೊರಘಟಕದ ಹಿಂಭಾಗ, ಗ್ರಿಲ್‌ನ ಕೆಳಅಂಚು, ಹೂಕುಂಡದ ಸ್ಟ್ಯಾಂಡ್, ತಾರಸಿಯ ನೀರಿನ ಟ್ಯಾಂಕಿನ ಮುಚ್ಚಳದ ಒಳಮೈ ನೋಡುವ ಅಭ್ಯಾಸ ಒಳ್ಳೆಯದು. ಪೈಪ್ ಹಾಯ್ದ ತೂತುಗಳನ್ನು ಸಿಮೆಂಟಿನಿಂದ ಮುಚ್ಚಿ, ವೆಂಟಿಲೇಟರಿಗೆ ಸಣ್ಣ ಕಣ್ಣಿನ ಜಾಳಿ ಹಾಕಿಸಬೇಕು. ಒಳಗೆ ಜೀವಂತ ಗೂಡಿದ್ದಾಗ ಮಾತ್ರ ತೂತು ಮುಚ್ಚಬಾರದು, ದಾರಿ ಕಟ್ಟಿದ ಹುಳಗಳು ಮನೆಯೊಳಗೇ ಬಂದಾವು.

ಅಂಗೈಯಗಲ ಮೀರಿದ ಗೂಡಾದರೆ ಕತ್ತಲಾದ ಮೇಲೆ, ಹುಳಗಳೆಲ್ಲ ಮರಳಿದಾಗ ಕೆಲಸ ನಡೆಯಬೇಕು. ಕೈಗೆಟುಕುವ ಎತ್ತರದ ತೆರೆದ ಗೂಡಿಗೆ ಸಾಬೂನಿನ ನೀರು ಪರಿಣಾಮಕಾರಿ. ಸಾಬೂನು ಬೆರೆತ ನೀರು ಹುಳದ ಉಸಿರಾಟದ ರಂಧ್ರಗಳಿಗೆ ಇಳಿದು ಉಸಿರುಗಟ್ಟಿಸುತ್ತದೆ. ತುಂಬುತೋಳಿನ ದಪ್ಪ ಬಟ್ಟೆ ಬೇಕು, ಗೂಡಿನ ನೇರ ಕೆಳಗೆ ನಿಲ್ಲಬಾರದು, ಏಣಿಯ ಮೇಲಂತೂ ಬೇಡವೇ ಬೇಡ. ಟಾರ್ಚಿಗೆ ಕೆಂಪು ಕಾಗದ ಸುತ್ತಿಕೊಂಡರೆ ಆ ಬೆಳಕು ಕಣಜಕ್ಕೆ ಅಷ್ಟಾಗಿ ಕಾಣದು. ಅಂಗಡಿಯ ಕೀಟನಾಶಕ ಸ್ಪ್ರೇ ಬಳಸುವವರು ಮನೆಯ ಮೀನಿನ ತೊಟ್ಟಿಯನ್ನು ಮುಚ್ಚಿಡಬೇಕು, ಅದರ ಮದ್ದು ಮೀನಿಗೆ ವಿಷ.

ಕೆಲವು ಸೊಸೈಟಿಗಳಲ್ಲಿ ನಡೆಯುವುದೇ ಬೇರೆ. ವಾಚ್‌ಮನ್ ಕೈಗೆ ನೂರಿನ್ನೂರು ರೂಪಾಯಿ ತುರುಕಿ, ಬಿದಿರಿಗೆ ಸೀಮೆಎಣ್ಣೆಯ ಚಿಂದಿ ಕಟ್ಟಿ, ಮೂರನೇ ಮಹಡಿಯ ಛಜ್ಜಾದ ಮೇಲೆ ಹತ್ತಿಸುವುದು! ಮೇಲೆ ಕೇಬಲ್ ವಯರು, ಪಕ್ಕದಲ್ಲಿ ಗ್ಯಾಸ್ ಪೈಪು, ಮುಖಕ್ಕೆ ಮುತ್ತುವ ಹುಳ, ಕಾಲಿಟ್ಟಲ್ಲಿ ಪಾಚಿ. ಬಿದ್ದರೆ ಆ ಬಡವನ ಸಂಸಾರಕ್ಕೆ ಯಾರು ದಿಕ್ಕು? ಹೊರಗೋಡೆ, ತಾರಸಿ, ಟ್ಯಾಂಕ್ ಇವೆಲ್ಲ ಎಲ್ಲರಿಗೂ ಸೇರಿದ ಜಾಗಗಳು, ಗೂಡು ತೆಗೆಸುವ ಖರ್ಚೂ ಸೊಸೈಟಿಯದ್ದೇ ಆಗಬೇಕು. ಪರವಾನಗಿ ಇರುವ ಪೆಸ್ಟ್ ಕಂಟ್ರೋಲ್‌ನವರಿಗೆ ಕೊಡುವ ಹಣವನ್ನು ಉಳಿಸಲು ಹೋಗಿ ಮನುಷ್ಯನ ಜೀವಕ್ಕೆ ಬೆಲೆ ಕಟ್ಟುವುದು ಯಾವ ಲೆಕ್ಕ?

ಇಲ್ಲಿಯ ಕನ್ನಡಿಗರಿಗೆ ಹೆಚ್ಚು ಅಪಾಯವಿರುವುದು ಮುಂಬಯಿಯಲ್ಲಲ್ಲ, ಊರಿನ ಮನೆಯಲ್ಲಿ ಎನ್ನಬಹುದು. ಉಡುಪಿ, ಮಂಗಳೂರು, ಕುಂದಾಪುರ ಕಡೆಯ ಎಷ್ಟೋ ಹಂಚಿನ ಮನೆಗಳು ವರ್ಷವಿಡೀ ಬೀಗ ಹಾಕಿಕೊಂಡಿದ್ದು, ಮೇ ರಜೆಗೋ ಕೋಲಕ್ಕೋ ನಾಗಾರಾಧನೆಗೋ ತೆರೆದುಕೊಳ್ಳುತ್ತವೆ. ಪಕ್ಕಾಸು, ಅಟ್ಟ, ಬಚ್ಚಲು, ಸೌದೆ ಕೊಟ್ಟಿಗೆಗಳಲ್ಲಿ ಅಷ್ಟರಲ್ಲಿ ಗೂಡುಗಳು ಬೆಳೆದಿರುತ್ತವೆ. ರೈಲಿನಿಂದಿಳಿದು ಬಂದ ಆಯಾಸದಲ್ಲಿ ಅಜ್ಜಿ ಬಾಗಿಲು ತೆರೆಯುತ್ತಾರೆ, ಮಕ್ಕಳು ಅಟ್ಟಕ್ಕೆ ಓಡುತ್ತಾರೆ. ಊರಿಗೆ ಹೊರಡುವ ಮೊದಲೇ ನೆರೆಯವರಿಗೋ ಒಕ್ಕಲಿನವರಿಗೋ ಫೋನ್ ಮಾಡಿ ಮಾಡಿನ ಕೆಳಗೆ ನೋಡಿಸುವುದು, ಮೊದಲ ದಿನ ದೊಡ್ಡವರೊಬ್ಬರು ಮಾತ್ರ ಒಳಹೊಕ್ಕು ಕಿಟಕಿಗಳನ್ನು ತೆರೆಯುವುದು, ನಾಗಬನದ ಮರಗಳ ಕೊಂಬೆಗಳನ್ನು ಕತ್ತೆತ್ತಿ ನೋಡಿಯೇ ಕೆಳಗೆ ಹೊಗೆ ಎಬ್ಬಿಸುವುದು, ಇಷ್ಟನ್ನು ಪಾಲಿಸಬಹುದು. ಒಣ ಮಡಲಿನ ಸೂಟೆ ಹಿಡಿದು ಗೂಡು ಸುಡುವ ಹಳೆಯ ರೂಢಿ ಹಂಚಿನ ಮಾಡಿನಡಿ ಮನೆಯನ್ನೇ ಸುಟ್ಟೀತು.

ಸಂಘಗಳ ಪಿಕ್‌ನಿಕ್, ಬಯಲು ಕಾರ್ಯಕ್ರಮಗಳಲ್ಲಿ ಕತ್ತರಿಸಿದ ಹಣ್ಣು, ಜಿಲೇಬಿ, ಕಬ್ಬಿನ ಹಾಲನ್ನು ಮುಚ್ಚಿಡಬೇಕು. ತೆರೆದಿಟ್ಟ ತಂಪು ಪಾನೀಯದ ಕ್ಯಾನಿನೊಳಗೆ ಹುಳ ಹೊಕ್ಕು, ಕುಡಿಯುವವರ ಬಾಯಿ-ಗಂಟಲಿಗೆ ಕುಟುಕಿದರೆ ಊತದಿಂದ ಉಸಿರೇ ಕಟ್ಟೀತು. ಹತ್ತಿರ ಬಂದ ಕಣಜವನ್ನು ಬಡಿಯಬಾರದು. ಗೂಡಿನ ಬಳಿ ಜಜ್ಜಿದ ಹುಳದ ವಾಸನೆಗೆ ಉಳಿದವು ಕೆರಳಿ ಬರುತ್ತವೆ.

ಕುಟುಕಿದರೆ ಮೊದಲು ಅಲ್ಲಿಂದ ದೂರ ಹೋಗಿ. ಚರ್ಮದಲ್ಲಿ ಮುಳ್ಳು ಉಳಿದಿದ್ದರೆ ಅದು ಜೇನು, ತಡಮಾಡದೆ ತೆಗೆಯಬೇಕು. ಕಣಜ ಮುಳ್ಳು ಬಿಡುವುದಿಲ್ಲ, ಒಂದೇ ಹುಳ ಹಲವು ಬಾರಿ ಕುಟುಕಬಲ್ಲದು. ಸಾಬೂನು ನೀರಿನಿಂದ ತೊಳೆದು ಬಟ್ಟೆಯಲ್ಲಿ ಸುತ್ತಿದ ಐಸ್ ಇಟ್ಟರೆ ಸಾಕು. ಸುಣ್ಣ ಹಚ್ಚಿದರೆ ಚರ್ಮ ಸುಡುತ್ತದೆ, ಕಬ್ಬಿಣ ಉಜ್ಜುವುದರಿಂದ ಪ್ರಯೋಜನವಿಲ್ಲ. ಉಂಗುರ, ಬಳೆಗಳನ್ನು ಊತ ಏರುವ ಮೊದಲೇ ತೆಗೆಯಬೇಕು.

ಮೈಯೆಲ್ಲ ದದ್ದು, ತುಟಿ-ನಾಲಗೆ ಊತ, ಉಬ್ಬಸ, ತಲೆಸುತ್ತು ಕಂಡರೆ ಅದು ತೀವ್ರ ಅಲರ್ಜಿ. ಒಂದೇ ಕುಟುಕಿಗೂ ನಿಮಿಷಗಳಲ್ಲಿ ಜೀವ ಹೋಗಬಹುದು. ಇದಕ್ಕೆ ಮದ್ದು ತೊಡೆಗೆ ಕೊಡುವ ಅಡ್ರಿನಲಿನ್ ಚುಚ್ಚುಮದ್ದು, ಶೀತದ ಮಾತ್ರೆಯಲ್ಲ. ಮಹಾರಾಷ್ಟ್ರದಲ್ಲೂ ಕರ್ನಾಟಕದಲ್ಲೂ 108ಕ್ಕೆ ಕರೆ ಮಾಡಿದರೆ ಆಂಬುಲೆನ್ಸ್ ಬರುತ್ತದೆ. ಅಲರ್ಜಿಯಿಲ್ಲದಿದ್ದರೂ ಹೆಗ್ಗಣಜ ಹತ್ತಾರು ಕಡೆ ಕುಟುಕಿದವರನ್ನು ಆಸ್ಪತ್ರೆಗೆ ಸೇರಿಸಲೇಬೇಕು. ಆ ದಿನ ಚೆನ್ನಾಗಿದ್ದವರಿಗೂ ನಂತರ ಮೂತ್ರ ಚಹಾದ ಬಣ್ಣಕ್ಕೆ ತಿರುಗಿ, ಕಡಿಮೆಯಾಗಿ, ಮೂತ್ರಪಿಂಡ ಕೈಕೊಟ್ಟ ಉದಾಹರಣೆಗಳು ವೈದ್ಯಕೀಯ ದಾಖಲೆಗಳಲ್ಲಿವೆ. ಹಿಂದೊಮ್ಮೆ ಅಲರ್ಜಿ ಆದವರು ಆ ಆಸ್ಪತ್ರೆಯ ಚೀಟಿಯನ್ನು ಊರಿಗೆ ಹೊರಡುವಾಗ ಚೀಲದಲ್ಲಿಟ್ಟುಕೊಂಡು, ಜೊತೆಯವರಿಗೂ ತಿಳಿಸಿರಬೇಕು.