ಪಿಟೀಲು ವಾದನದಲ್ಲಿ ಕೆಲ್ಟಿಕ್ ಮತ್ತು ಜಾಝ್ ಸಂಪ್ರದಾಯಗಳ ಸಂಗಮ

ಸಂಪ್ರದಾಯವೆಂಬುದು ಕಾಪಾಡುವುದರಿಂದ ಉಳಿಯುತ್ತದೆಯೋ ಬೆರೆಯುವುದರಿಂದ ಬೆಳೆಯುತ್ತದೆಯೋ ಎಂಬ ಪ್ರಶ್ನೆ ಸಂಸ್ಕೃತಿಯ ಚರಿತ್ರೆಯನ್ನು ಅಭ್ಯಸಿಸುವವರಿಗೆ ಹೊಸದೇನಲ್ಲ. ಅದನ್ನು ಮತ, ಭಾಷೆ, ಶಿಲ್ಪಗಳ ಸಂಬಂಧದಲ್ಲಿ ಚರ್ಚಿಸುವುದು ವಾಡಿಕೆ. ಪ್ರಸ್ತುತ ಲೇಖನದಲ್ಲಿ ಅದೇ ಪ್ರಶ್ನೆಯನ್ನು ಒಂದು ವಾದ್ಯದ ಮೂಲಕ ಪರಿಶೀಲಿಸಲು ಉದ್ದೇಶಿಸಿದ್ದೇವೆ. ವಾದ್ಯ ಪಿಟೀಲು, ನಿದರ್ಶನವಾಗಿ ನಾವು ಆರಿಸಿಕೊಂಡಿರುವ ವಾದಕರು ಅಮೆರಿಕದ ಜೆರೆಮಿ ಕಿಟ್ಟಲ್. 1984ರಲ್ಲಿ ಜನಿಸಿ, ಮಿಷಿಗನ್ ರಾಜ್ಯದ ಸಲೀನ್ ಎಂಬ ಊರಿನಲ್ಲಿ ಬೆಳೆದ ಇವರು ತಾರುಣ್ಯದಲ್ಲಿಯೇ ಸ್ಕಾಟ್ಲೆಂಡಿನ ಶೈಲಿಯ ಪಿಟೀಲು ವಾದನದಲ್ಲಿ ಅಮೆರಿಕದ ರಾಷ್ಟ್ರಮಟ್ಟದ ಸ್ಪರ್ಧೆಯನ್ನು ಗೆದ್ದರು. ಅನಂತರ ನ್ಯೂಯಾರ್ಕಿನ ಮ್ಯಾನ್‌ಹಟನ್ ಸಂಗೀತ ವಿದ್ಯಾಲಯದಲ್ಲಿ ಜಾಝ್ ಸಂಗೀತದ ಉನ್ನತ ವ್ಯಾಸಂಗ ಮಾಡಿದರು. ಇವರ ವಾದನದಲ್ಲಿ ಎರಡು ಸಂಪ್ರದಾಯಗಳು ಕೂಡಿವೆ ಎಂಬುದು ಕಿವಿಗೆ ತಿಳಿಯುವ ಸಂಗತಿ. ಅವು ಕೂಡಲು ಹೇಗೆ ಸಾಧ್ಯವಾಯಿತು ಎಂಬುದು ಚರಿತ್ರೆ ಹೇಳಬೇಕಾದ ಸಂಗತಿ.

ಮೊದಲು ಪದಗಳ ವಿಚಾರವನ್ನು ಸ್ಪಷ್ಟಪಡಿಸಿಕೊಳ್ಳೋಣ. ಹದಿನಾರನೆಯ ಶತಮಾನದಲ್ಲಿ ಉತ್ತರ ಇಟಲಿಯಲ್ಲಿ ಈಗಿನ ರೂಪ ಪಡೆದ ವಯೊಲಿನ್ನನ್ನೇ ಜನಪದ ವಾದಕರು ಫಿಡಲ್ ಎಂದು ಕರೆಯುತ್ತಾರೆ. ನಮ್ಮ ಪಿಟೀಲು ಎಂಬ ಮಾತಿಗೂ ಆ ಪದಕ್ಕೂ ಇರುವ ನಂಟು ಕೇಳಿದೊಡನೆ ತಿಳಿಯುತ್ತದೆ. ವಾದ್ಯ ಒಂದೇ, ವ್ಯತ್ಯಾಸವಿರುವುದು ನುಡಿಸುವ ಕ್ರಮದಲ್ಲಿ. ಇನ್ನು ಕೆಲ್ಟಿಕ್ ಎಂಬುದು ಮೂಲತಃ ಭಾಷಾಶಾಸ್ತ್ರದ ಸಂಜ್ಞೆ. ಐರಿಷ್, ಸ್ಕಾಟಿಷ್ ಗೇಲಿಕ್, ವೆಲ್ಷ್, ಬ್ರೆಟನ್ ಮೊದಲಾದ ಭಾಷೆಗಳ ಬಾಂಧವ್ಯವನ್ನು ಎಡ್ವರ್ಡ್ ಲೂಯಿಡ್ ಎಂಬ ವಿದ್ವಾಂಸನು 1707ರಲ್ಲಿ ಪ್ರಕಟವಾದ ತನ್ನ ಗ್ರಂಥದಲ್ಲಿ ನಿರೂಪಿಸಿದನು. ಐರ್ಲೆಂಡ್, ಸ್ಕಾಟ್ಲೆಂಡ್ ಮುಂತಾದ ಪ್ರದೇಶಗಳ ಸಂಗೀತವನ್ನೆಲ್ಲ ಒಂದೇ ಹೆಸರಿನಡಿ ಕೆಲ್ಟಿಕ್ ಸಂಗೀತವೆಂದು ಕರೆಯುವ ರೂಢಿ ಹೆಚ್ಚಾಗಿ ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಪ್ರಚಾರಕ್ಕೆ ಬಂದಿತು. ಹೆಸರಿನ ಪ್ರಾಚೀನತೆಯನ್ನು ಕಂಡು ಸಂಗೀತವೂ ಅಷ್ಟೇ ಪ್ರಾಚೀನವೂ ಅಖಂಡವೂ ಆದುದೆಂದು ಭಾವಿಸಬಾರದು.

ಈ ಸಂಗೀತದ ಜೀವಾಳ ನೃತ್ಯ. ರೀಲ್, ಜಿಗ್, ಸ್ಟ್ರಾತ್‌ಸ್ಪೇ ಎಂಬುವು ಅದರ ಮುಖ್ಯ ಪ್ರಭೇದಗಳು. ರೀಲ್ ವೇಗವಾದ ಸಮಗತಿಯದು. ಜಿಗ್ ಮೂರು ಮೂರು ಮಾತ್ರೆಗಳ ಗುಂಪುಗಳಲ್ಲಿ, ನಮ್ಮ ತಿಶ್ರಗತಿಯನ್ನು ನೆನಪಿಗೆ ತರುವಂತೆ ಸಾಗುತ್ತದೆ. ಸ್ಟ್ರಾತ್‌ಸ್ಪೇ ಸ್ಕಾಟ್ಲೆಂಡಿಗೆ ವಿಶಿಷ್ಟವಾದುದು, ಹ್ರಸ್ವ ಸ್ವರವೊಂದು ದೀರ್ಘ ಸ್ವರಕ್ಕೆ ತಟ್ಟನೆ ತಗಲುವ ಒಂದು ಬಗೆಯ ಮಿಡಿತವೇ ಅದರ ಲಕ್ಷಣ. ಇವುಗಳ ಲಯವೆಲ್ಲ ಬಲಗೈಯ ಕಮಾನಿನಲ್ಲಿದೆ. ಪರ್ತ್‌ಷೈರಿನ ನೀಲ್ ಗೌ (1727–1807) ಕಮಾನನ್ನು ಮೇಲಕ್ಕೆ ತಳ್ಳುವಾಗಲೂ ಕೆಳಕ್ಕೆ ಎಳೆಯುವಾಗಿನಷ್ಟೇ ಬಲವನ್ನು ತರುತ್ತಿದ್ದನೆಂದು ಅವನು ಪ್ರಖ್ಯಾತನಾಗಿದ್ದನು. ಮುಂದಿನ ಶತಮಾನದ ಜೇಮ್ಸ್ ಸ್ಕಾಟ್ ಸ್ಕಿನ್ನರ್ (1843–1927) ಯೂರೋಪಿನ ಶಾಸ್ತ್ರೀಯ ಪದ್ಧತಿಯ ಶಿಕ್ಷಣವನ್ನೂ ಪಡೆದು, ಅದರ ಕೈಚಳಕವನ್ನು ಹಳ್ಳಿಯ ಕುಣಿತದ ಸಂಗೀತಕ್ಕೆ ತಂದನು. ಇಂದು ಶುದ್ಧ ಸಂಪ್ರದಾಯವೆಂದು ಗಣಿಸಲ್ಪಡುವುದರಲ್ಲಿಯೂ ಹೀಗೆ ಒಂದು ಮಿಶ್ರಣ ಅಡಗಿದೆ ಎಂಬುದು ಗಮನಾರ್ಹ.

ಜಾಝ್ ಇಪ್ಪತ್ತನೆಯ ಶತಮಾನದ ಆದಿಭಾಗದಲ್ಲಿ ಅಮೆರಿಕದ ನ್ಯೂ ಆರ್ಲಿಯನ್ಸ್ ನಗರದಲ್ಲಿ, ಆಫ್ರಿಕನ್ ಮೂಲದ ಜನರ ಪ್ರತಿಭೆಯಿಂದ ರೂಪುಗೊಂಡ ಸಂಗೀತ. ಕಹಳೆ ಜಾತಿಯ ವಾದ್ಯಗಳ ಅಬ್ಬರದ ನಡುವೆ ಪಿಟೀಲಿನ ಧ್ವನಿ ಕೇಳಿಸುವುದು ಕಷ್ಟವಾಗಿತ್ತು. ಆದರೂ ಜೋ ವೆನೂಟಿ, ಸ್ಟಫ್ ಸ್ಮಿತ್, ಫ್ರಾನ್ಸಿನ ಸ್ಟೆಫಾನ್ ಗ್ರಾಪೆಲ್ಲಿ (1908–1997) ಮೊದಲಾದವರು ಅದಕ್ಕೆ ಸ್ಥಾನ ದೊರಕಿಸಿದರು. ಸ್ಮಿತ್ ವಿದ್ಯುತ್ತಿನ ಸಹಾಯದಿಂದ ವಾದ್ಯದ ಧ್ವನಿಯನ್ನು ಹೆಚ್ಚಿಸಿಕೊಂಡರೆ, ಗ್ರಾಪೆಲ್ಲಿ 1934ರಲ್ಲಿ ಗಿಟಾರ್ ವಾದಕ ಜಾಂಗೊ ರೈನ್‌ಹಾರ್ಟ್‌ನೊಡನೆ ಪ್ಯಾರಿಸಿನಲ್ಲಿ ಬರಿಯ ತಂತಿವಾದ್ಯಗಳ ಜಾಝ್ ಪಂಚಕವನ್ನೇ ಕಟ್ಟಿದನು. ಇದೇ ತೊಡಕನ್ನು ನಮ್ಮ ಮೈಸೂರಿನ ಟಿ. ಚೌಡಯ್ಯನವರು (1895–1967) ಏಳು ತಂತಿಗಳ ಪಿಟೀಲಿನಿಂದ ಪರಿಹರಿಸಿಕೊಂಡುದು ವಾಚಕರಿಗೆ ತಿಳಿದೇ ಇದೆ.

ಈ ಎರಡು ಪದ್ಧತಿಗಳ ನಡುವಣ ಮುಖ್ಯ ಭೇದವೇನು? ರೀಲಿನಲ್ಲಿ ಸಾಮಾನ್ಯವಾಗಿ ಎಂಟೆಂಟು ಆವರ್ತಗಳ ಎರಡು ಭಾಗಗಳಿದ್ದು, ಪ್ರತಿಯೊಂದನ್ನೂ ಎರಡು ಸಲ ನುಡಿಸುವುದರಿಂದ ಒಟ್ಟು 32 ಆವರ್ತಗಳಾಗುತ್ತವೆ. ಜಾಝ್ ವಾದಕರು ಬಳಸುವ ಅನೇಕ ಗೀತೆಗಳ ಚೌಕಟ್ಟೂ 32 ಆವರ್ತಗಳದೇ. ಹೊರಗಿನ ಅಳತೆ ಒಂದೇ ಆದರೂ ಒಳಗೆ ಸ್ಥಿರವಾಗಿ ನಿಲ್ಲುವ ಅಂಶ ಬೇರೆ ಬೇರೆ. ಕೆಲ್ಟಿಕ್ ವಾದಕನಿಗೆ ರಾಗಧಾಟಿಯೇ ಸ್ಥಿರ. ಅವನು ಅದನ್ನು ಪುನಃ ಪುನಃ ನುಡಿಸುತ್ತ ಸಣ್ಣ ಸಣ್ಣ ಅಲಂಕಾರಗಳಿಂದ ಬದಲಾಯಿಸುತ್ತಾನೆ. ಜಾಝ್ ವಾದಕನಿಗೆ ಸ್ಥಿರವಾದುದು ಹಿನ್ನೆಲೆಯ ಸ್ವರಮೇಳಗಳ ಅನುಕ್ರಮ. ಧಾಟಿಯನ್ನು ಒಮ್ಮೆ ನುಡಿಸಿ, ಆಮೇಲೆ ಆ ಅನುಕ್ರಮದ ಮೇಲೆ ಹೊಸ ಧಾಟಿಗಳನ್ನು ಆಗಿಂದಾಗ ಸೃಷ್ಟಿಸುತ್ತಾನೆ. ನಮ್ಮ ಸಂಗೀತದ ಪರಿಭಾಷೆಯಲ್ಲಿ ಸ್ಥೂಲವಾಗಿ ಹೇಳುವುದಾದರೆ, ಮೊದಲನೆಯದು ಕೃತಿಗೆ ಸಂಗತಿಗಳನ್ನು ಹಾಕುವಂತೆ. ಎರಡನೆಯದು ಕಲ್ಪನಾಸ್ವರದ ಮನೋಧರ್ಮದಂತೆ. ಒಬ್ಬನೇ ವಾದಕನು ಎರಡನ್ನೂ ಬಲ್ಲವನಾದಾಗ, ರೀಲೊಂದರ ಧಾಟಿಯನ್ನು ಕೈಬಿಡದೆಯೇ ಅದರ ಕೆಳಗಿನ ಸ್ವರಮೇಳಗಳನ್ನು ಬದಲಿಸಿ, ಅಲ್ಲಿಂದ ಹೊಸ ಕಲ್ಪನೆಗೆ ದಾರಿ ಮಾಡಿಕೊಳ್ಳಬಲ್ಲನು.

ಹೀಗೆ ಕೂಡುವುದು ಕೇವಲ ಇಂದಿನ ಪ್ರಯೋಗವೆಂದು ತಿಳಿಯುವುದು ಚರಿತ್ರೆಗೆ ಒಪ್ಪದ ಮಾತು. ಹದಿನೆಂಟು, ಹತ್ತೊಂಬತ್ತನೆಯ ಶತಮಾನಗಳ ಅಮೆರಿಕದಲ್ಲಿ ತೋಟದ ಒಡೆಯರ ನೃತ್ಯಕೂಟಗಳಿಗೆ ಪಿಟೀಲು ನುಡಿಸುತ್ತಿದ್ದವರಲ್ಲಿ ಅನೇಕರು ದಾಸ್ಯದಲ್ಲಿದ್ದ ಆಫ್ರಿಕನ್ ಮೂಲದ ವಾದಕರು. ಸಾಲೊಮನ್ ನಾರ್ಥಪ್ ಎಂಬ ಸ್ವತಂತ್ರ ನಾಗರಿಕನ ವೃತ್ತಾಂತ ಪ್ರಸಿದ್ಧವಾಗಿದೆ. ಪಿಟೀಲು ನುಡಿಸುವ ಕೆಲಸದ ಆಸೆ ತೋರಿಸಿ ಅವನನ್ನು 1841ರಲ್ಲಿ ಅಪಹರಿಸಿ ದಾಸನನ್ನಾಗಿ ಮಾರಿದರು. ಲೂಯಿಸಿಯಾನದಲ್ಲಿ ಅವನ ವಾದನವನ್ನೂ ಒಡೆಯನು ಬಾಡಿಗೆಗೆ ಕೊಡುತ್ತಿದ್ದನು. 1853ರಲ್ಲಿ ಬಿಡುಗಡೆ ಹೊಂದಿದ ಅವನು ಅದೇ ವರ್ಷ ಆತ್ಮಕಥೆಯನ್ನು ಪ್ರಕಟಿಸಿದನು. ಬ್ರಿಟಿಷ್ ದ್ವೀಪಗಳಿಂದ ಬಂದ ರೀಲು ಜಿಗ್ಗುಗಳೂ ಆಫ್ರಿಕದ ಲಯಪ್ರಜ್ಞೆಯೂ ಇಂತಹ ಕೈಗಳಲ್ಲಿ ಸೇರಿದುವು. ಆ ಸಂಗಮ ಸಮಾನರ ನಡುವೆ ನಡೆದುದಲ್ಲ ಎಂಬುದನ್ನು ನಾವು ಮರೆಯಬಾರದು. ಬೆರೆಯುವಿಕೆಯನ್ನು ಹೊಗಳುವ ಇತಿಹಾಸಕಾರನು ಅದರ ಬೆಲೆಯನ್ನು ತೆತ್ತವರು ಯಾರೆಂಬುದನ್ನೂ ದಾಖಲಿಸಬೇಕಾಗುತ್ತದೆ.

ಇನ್ನೊಂದು ಬಗೆಯ ನಷ್ಟವೂ ಉಂಟು. ಐರ್ಲೆಂಡಿನ ಸ್ಲೈಗೊ ಪ್ರಾಂತದಿಂದ 1914ರಲ್ಲಿ ಅಮೆರಿಕಕ್ಕೆ ವಲಸೆ ಹೋದ ಮೈಕೆಲ್ ಕೋಲ್ಮನ್ (1891–1945) ನ್ಯೂಯಾರ್ಕಿನಲ್ಲಿ 1921ರಿಂದ ಮೊದಲ್ಗೊಂಡು ಅನೇಕ ಧ್ವನಿಮುದ್ರಿಕೆಗಳನ್ನು ನೀಡಿದನು. ಅವು ಸಮುದ್ರ ದಾಟಿ ಐರ್ಲೆಂಡಿಗೆ ಮರಳಿ ಬಂದಾಗ, ಬೇರೆ ಪ್ರಾಂತಗಳ ವಾದಕರೂ ಅವನ ಶೈಲಿಯನ್ನು ಅನುಕರಿಸತೊಡಗಿದರು. ಪರಿಣಾಮವಾಗಿ ಅನೇಕ ಸ್ಥಳೀಯ ಶೈಲಿಗಳು ಮಸುಕಾದುವು. ಇಲ್ಲಿ ಹಾನಿ ಉಂಟಾದುದು ಪರಕೀಯ ಸಂಗೀತದಿಂದಲ್ಲ. ಅದೇ ಸಂಪ್ರದಾಯದ ಒಬ್ಬ ಶ್ರೇಷ್ಠ ವಾದಕನ ಯಶಸ್ಸಿನಿಂದ. ಏಕರೂಪತೆಯ ಭಯ ಒಳಗಿನಿಂದಲೂ ಬರಬಹುದು ಎಂಬುದಕ್ಕೆ ಇದು ಸಾಕ್ಷಿ.

ಈ ಹಿನ್ನೆಲೆಯಲ್ಲಿ ಕಿಟ್ಟಲ್ ಅವರ ಸಾಧನೆಯನ್ನು ಇಡಬೇಕು. ಅವರು 2007ರಿಂದ 2012ರವರೆಗೆ ಟರ್ಟಲ್ ಐಲೆಂಡ್ ಎಂಬ ತಂತಿವಾದ್ಯ ಚತುಷ್ಟಯದ ಸದಸ್ಯರಾಗಿದ್ದರು. ಡೇವಿಡ್ ಬಾಲಕೃಷ್ಣನ್, ಡ್ಯಾರಲ್ ಆಂಗರ್ ಮುಂತಾದವರು 1985ರಲ್ಲಿ ಸ್ಥಾಪಿಸಿದ ಈ ಚತುಷ್ಟಯ, ಯೂರೋಪಿನ ಶಾಸ್ತ್ರೀಯ ಸಂಗೀತದ ವಾದ್ಯಗಳಲ್ಲಿ ಜಾಝಿನ ಮನೋಧರ್ಮವನ್ನು ಸಾಧಿಸಲು ಹೊರಟಿತು. ಇಂತಹ ತಂಡದಲ್ಲಿ ಡೋಲು ಇರುವುದಿಲ್ಲ. ಆದ್ದರಿಂದ ಕಮಾನಿನ ಹಿಡಿಯ ಭಾಗವನ್ನು ತಂತಿಯ ಮೇಲೆ ಬೀಳಿಸಿ, ಸ್ವರಕ್ಕಿಂತ ಹೆಚ್ಚಾಗಿ ತಾಳದ ಪೆಟ್ಟನ್ನು ಹೊರಡಿಸುವ ಒಂದು ತಂತ್ರವನ್ನು ಬಳಸುತ್ತಾರೆ. 1960ರ ದಶಕದಲ್ಲಿ ಬ್ಲೂಗ್ರಾಸ್ ಎಂಬ ಅಮೆರಿಕದ ಜನಪ್ರಿಯ ಸಂಗೀತದಲ್ಲಿ ರಿಚರ್ಡ್ ಗ್ರೀನ್ ರೂಢಿಗೆ ತಂದ ಈ ತಂತ್ರ, ಆಂಗರ್ ಮೊದಲಾದವರಿಂದ ಬೆಳೆದು, ಇಂದು ಕೆಲ್ಟಿಕ್ ವಾದಕರ ಕೈಯಲ್ಲಿಯೂ ಕೇಳಿಬರುತ್ತದೆ. 2018ರಲ್ಲಿ ಕಿಟ್ಟಲ್ ಪ್ರಕಟಿಸಿದ ‘ವರ್ಲ್ಸ್’ ಎಂಬ ಸಂಕಲನದಲ್ಲಿ ಪಿಟೀಲಿನೊಡನೆ ಮ್ಯಾಂಡೊಲಿನ್, ಗಿಟಾರ್, ಚೆಲೊ, ಹಾಗೂ ನಮ್ಮ ಸಂತೂರನ್ನು ಹೋಲುವ ಡಲ್ಸಿಮರ್ ವಾದ್ಯಗಳಿವೆ. ಅದರಲ್ಲಿಯ ‘ಕ್ರಿಸಲಿಸ್’ ಎಂಬ ರಚನೆ ವಾದ್ಯಸಂಗೀತ ರಚನೆಯ ವಿಭಾಗದಲ್ಲಿ 2019ರ ಗ್ರ್ಯಾಮಿ ಪ್ರಶಸ್ತಿಗೆ ನಾಮನಿರ್ದೇಶನಗೊಂಡಿತು.

ಹೀಗೆ ಬೆರೆಸುವುದರಿಂದ ಎರಡೂ ಕೆಡುತ್ತವೆಯೆಂಬ ಆಕ್ಷೇಪಣೆಯನ್ನು ತಳ್ಳಿಹಾಕುವಂತಿಲ್ಲ. ಕೇವಲ ಹೊರ ಅಲಂಕಾರಗಳನ್ನು ಎರವಲು ತಂದು ಜೋಡಿಸಿದರೆ, ಕುಣಿತಕ್ಕೂ ಒದಗದ, ಮನೋಧರ್ಮಕ್ಕೂ ಎಡೆಯಿಲ್ಲದ ಸಂಗೀತ ಹುಟ್ಟುವುದು ನಿಶ್ಚಯ. ಕಿಟ್ಟಲ್ ಅವರ ನಿದರ್ಶನದಿಂದ ನಾವು ಕಲಿಯಬೇಕಾದುದು ಕ್ರಮವನ್ನು: ಮೊದಲು ಒಂದು ಸಂಪ್ರದಾಯದವರೇ ಮೆಚ್ಚುವಷ್ಟು ಅದರಲ್ಲಿ ಪಳಗಿ, ಆಮೇಲೆ ಎರಡನೆಯದಕ್ಕೆ ವಿದ್ಯಾರ್ಥಿಯಾಗಿ ಹೋದುದು.

ಕನ್ನಡ ವಾಚಕರಿಗೆ ಈ ಕ್ರಮ ಅಪರಿಚಿತವಲ್ಲ. ಬಾಲುಸ್ವಾಮಿ ದೀಕ್ಷಿತರು (1786–1859) ಮದರಾಸಿನಲ್ಲಿ ಪಾಶ್ಚಾತ್ಯ ಪಿಟೀಲನ್ನು ಕಲಿತು ಅದನ್ನು ಕರ್ನಾಟಕ ಸಂಗೀತಕ್ಕೆ ಅಳವಡಿಸಿದರು. ಅವರ ಅಣ್ಣ ಮುತ್ತುಸ್ವಾಮಿ ದೀಕ್ಷಿತರು ಪಾಶ್ಚಾತ್ಯ ವಾದ್ಯಮೇಳಗಳ ಧಾಟಿಗಳಿಗೆ ಸಂಸ್ಕೃತ ಸಾಹಿತ್ಯವನ್ನು ರಚಿಸಿದರು. ನೊಟ್ಟುಸ್ವರಗಳೆಂದು ಹೆಸರಾದ ಅವುಗಳಲ್ಲಿ ಐರ್ಲೆಂಡ್ ಮತ್ತು ಸ್ಕಾಟ್ಲೆಂಡುಗಳ ಕುಣಿತದ ಧಾಟಿಗಳೂ ಸೇರಿವೆ. ನೆಲೆಯುಳ್ಳ ವಿದ್ವಾಂಸರಾಗಿದ್ದುದರಿಂದಲೇ ಆ ಸಹೋದರರು ಎರವಲು ತಂದುದು ನಮ್ಮದಾಯಿತು. ಇಂದು ನಮ್ಮ ಕಚೇರಿಗಳಲ್ಲಿ ಪಿಟೀಲನ್ನು ಪರಕೀಯವೆಂದು ಕರೆಯುವವರು ಯಾರೂ ಇಲ್ಲ. ಒಂದು ಪೀಳಿಗೆಯ ಮಿಶ್ರಣ ಮುಂದಿನ ಪೀಳಿಗೆಗಳ ಸಂಪ್ರದಾಯವಾಗುತ್ತದೆ. ಅದು ಹಾಗಾಗುವುದೋ ಇಲ್ಲವೋ ಎಂಬುದನ್ನು ಬೆರೆಸುವವರ ವ್ಯಾಸಂಗ ನಿರ್ಧರಿಸುತ್ತದೆ.