ಕಡಲ ಹಕ್ಕಿಗಳನ್ನು ಎಣಿಸುವವರು ಯಾರು?

ಮುಂಗಾರಿನ ಗಾಳಿ ಜೋರಾದಾಗ ನಮ್ಮ ಕರಾವಳಿಯ ಮರಳ ಮೇಲೆ ಕೆಲವೊಮ್ಮೆ ಬಸವಳಿದ ಹಕ್ಕಿಗಳು ಸಿಗುತ್ತವೆ. ಬೆನ್ನು ಕಪ್ಪು, ಹೊಟ್ಟೆ ಬಿಳಿ, ಬಾಲ ಕವಲು. ಸೂಟಿ ಟರ್ನ್ ಎಂಬ ಈ ರೀವ, ಗೂಡು ಬಿಟ್ಟ ಮೇಲೆ ವರ್ಷಗಟ್ಟಲೆ ನೆಲ ಮುಟ್ಟುವುದಿಲ್ಲ. ಗರಿಗಳು ನೀರು ಹೀರುವುದರಿಂದ ಅಲೆಗಳ ಮೇಲೆ ತೇಲುತ್ತ ದಣಿವಾರಿಸಿಕೊಳ್ಳುವುದೂ ಕಷ್ಟ. ದಡದಲ್ಲಿ ನಡೆಯುವವರೋ ಮೀನುಗಾರರೋ ಫೋಟೊ ತೆಗೆದು ಕಳಿಸದಿದ್ದರೆ ಅದು ಬಂದದ್ದೇ ತಿಳಿಯದು.

2023ರ ‘ಸ್ಟೇಟ್ ಆಫ್ ಇಂಡಿಯಾಸ್ ಬರ್ಡ್ಸ್’ ವರದಿಗೆ 30,000ಕ್ಕೂ ಹೆಚ್ಚು ಹಕ್ಕಿ ವೀಕ್ಷಕರು ಸುಮಾರು 3 ಕೋಟಿ ದಾಖಲೆ ಒದಗಿಸಿದ್ದರು. ಪರಿಶೀಲಿಸಿದ್ದು 942 ಜಾತಿ. ಆದರೂ ದೀರ್ಘಕಾಲದ ಏರಿಳಿತ ಹೇಳಲು ಸಾಧ್ಯವಾದದ್ದು 338 ಜಾತಿಗಳಿಗೆ ಮಾತ್ರ; ಅವುಗಳಲ್ಲಿ ಶೇ. 60ರಷ್ಟು ಇಳಿಮುಖ. ದೋಣಿ ಹತ್ತಿ ಆಳಕ್ಕೆ ಹೋಗಬೇಕಾದ ಕಡಲಿನಲ್ಲಂತೂ ಎಣಿಸುವ ಕಣ್ಣುಗಳು ತೀರಾ ಕಡಿಮೆ.

ಹೊಸೂರು ರಸ್ತೆಯ ಸಿಂಗಸಂದ್ರದವರಿಗೆ ಇದರಿಂದೇನು ಎನ್ನಬೇಡಿ. ಬೆಂಗಳೂರಿನ ಕೆರೆಗಳಲ್ಲಿ ಕಾಣುವ ನೀರುಕಾಗೆಯ ಹತ್ತಿರದ ಬಂಧುಗಳು ಅನೇಕ ಕಡಲುಗಳಲ್ಲಿವೆ. ನೀರುಕಾಗೆಯ ಹೊರಗರಿ ಸುಲಭವಾಗಿ ನೆನೆಯುತ್ತದೆ. ಮೈಯ ತೇಲುವಿಕೆ ತಗ್ಗಿ ಮೀನಿನ ಬೆನ್ನಟ್ಟಿ ಮುಳುಗುವುದು ಸುಲಭವಾಗುತ್ತದೆ. ಮೇಲೆ ಬಂದಮೇಲೆ ರೆಕ್ಕೆ ಹರಡಿ ಬಿಸಿಲಿಗೆ ಒಡ್ಡಲೇಬೇಕು. ಕೆರೆಗೆ ಬರುವ ಹೆಜ್ಜಾರ್ಲೆಯನ್ನು (ಪೆಲಿಕನ್) ಮದ್ದೂರು ತಾಲ್ಲೂಕಿನ ಕೊಕ್ಕರೆಬೆಳ್ಳೂರಿನವರು ಊರಿನ ಮರಗಳಲ್ಲೇ ಗೂಡು ಕಟ್ಟಲು ಬಿಟ್ಟು ಕಾಪಾಡಿಕೊಂಡು ಬಂದಿದ್ದಾರೆ. 2007ರಲ್ಲಿ ಆ ಊರು ಸಮುದಾಯ ಮೀಸಲು ಪ್ರದೇಶವಾಯಿತು.

ಎಣಿಸುವುದೂ ಕಠಿಣವಲ್ಲ. ಒಂದೇ ಜಾಗದಲ್ಲಿ 15 ನಿಮಿಷ ನಿಂತು ಕಂಡ, ಕೇಳಿದ ಹಕ್ಕಿಗಳನ್ನೆಲ್ಲ ಬರೆದು ಹಕ್ಕಿ ದಾಖಲೆಗಳ ಜಾಲತಾಣ ಇಬರ್ಡ್‌ಗೆ ಸೇರಿಸಿ. ಅಪರೂಪದ್ದನ್ನಷ್ಟೇ ಬರೆದರೆ ಕೆಲಸಕ್ಕೆ ಬಾರದು. ನೂರು ಪೂರ್ಣ ಪಟ್ಟಿಗಳಲ್ಲಿ ಎಷ್ಟರಲ್ಲಿ ನೀರುಕಾಗೆ ಇದೆ ಎಂಬುದೇ ವಿಜ್ಞಾನಿಗಳ ಅಳತೆಗೋಲು. ಹತ್ತು ವರ್ಷಗಳಲ್ಲಿ ಆ ಪ್ರಮಾಣ ಕುಸಿದರೆ ಏನೋ ಕೆಟ್ಟಿದೆ ಎಂದೇ ಅರ್ಥ. ಕಾಗೆ, ಮೈನಾ ಬಿಟ್ಟುಬಿಟ್ಟ ಪಟ್ಟಿ ಅದನ್ನು ಹೇಳಲಾರದು.

ಕೆರೆ ದಂಡೆಯಲ್ಲಿ ಈ ಅಭ್ಯಾಸ ಬೆಳೆಸಿಕೊಂಡವರು ರಜೆಗೆ ಮಲ್ಪೆಗೋ ಕಾರವಾರಕ್ಕೋ ಹೋದಾಗ ಅಲ್ಲಿಯೂ ಪಟ್ಟಿ ಮಾಡಬಲ್ಲರು. ದಣಿದ ಕಡಲ ಹಕ್ಕಿ ಸಿಕ್ಕರೆ ಮತ್ತೆ ನೀರಿಗೆ ಎಸೆಯಬೇಡಿ. ನೆರಳಿನಲ್ಲಿಟ್ಟು ಅರಣ್ಯ ಇಲಾಖೆಗೆ ತಿಳಿಸಿ. ಪ್ರತಿ ಜನವರಿಯಲ್ಲಿ ಏಷ್ಯಾದ ನೀರುಹಕ್ಕಿ ಗಣತಿ ನಡೆಯುತ್ತದೆ. ಮುಂದಿನ ಜನವರಿಗೆ ಸಿಂಗಸಂದ್ರ ಕೆರೆಯ ಪಟ್ಟಿಯನ್ನೂ ದಯವಿಟ್ಟು ಸೇರಿಸಿ.